ಒಂದೇ ಟ್ಯೂಬು, ಮೂರು ಮುಖ

ಈ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ಕಸುಬು, ಒಂದೆರಡು ವಯಸ್ಸು ಬದಲಿಸಿದ್ದೇನೆ. ಕೊಟ್ಟ ಔಷಧಿ, ಹಿಡಿದ ದಿನ ಮತ್ತು ನನ್ನ ಕಡೆಯ ತಪ್ಪು ಮಾತ್ರ ಇದ್ದ ಹಾಗೇ ಇವೆ.

ಮನೆ

ನಾನು ಹಾಸನದಲ್ಲಿ ಚರ್ಮದ ಡಾಕ್ಟರು. ಈ ಮನೆ ಸಕಲೇಶಪುರದ ದಾರಿಯಲ್ಲಿ ಬರುವ ಒಂದು ಹಳ್ಳಿಯಲ್ಲಿದೆ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಮೊಮ್ಮಗನಿಗೆ 20, ಬೆಂಗಳೂರಲ್ಲಿ ಓದುತ್ತಾನೆ. ಮೊಮ್ಮಗಳಿಗೆ 16. ಹಾಸನದ ಕಾಲೇಜಿಗೆ ಮೊದಲ ಪಿಯುಸಿಗೆ ಸೇರಿದ್ದಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮೊದಲು ಬಂದವಳು ಅವಳೇ. ಜೂನ್ ಮೊದಲ ವಾರ, ಜೊತೆಯಲ್ಲಿ ತಾಯಿ. ತಾಯಿಗೆ 39.

ಹುಡುಗಿಯ ಹಣೆಯ ಮೇಲೆ ಕೂದಲಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳು. ಮೂಗಿನ ಮೇಲೆ ಕಪ್ಪು ಚುಕ್ಕೆಗಳು. ಕೆನ್ನೆಯಲ್ಲಿ ಏಳೆಂಟು ಕೆಂಪು ಗುಳ್ಳೆ, ಎರಡರಲ್ಲಿ ಕೀವು. ಎರಡು ಜಡೆ, ಬುಡದವರೆಗೂ ಕೊಬ್ಬರಿ ಎಣ್ಣೆ. ಬಸ್ಸಿನ ಸೆಕೆಯಲ್ಲಿ ಆ ಎಣ್ಣೆ ಹಣೆಗೆ ಇಳಿದಿತ್ತು.

13ನೇ ವಯಸ್ಸಿಗೇ ಮೊಡವೆ ಶುರುವಾಗಿತ್ತಂತೆ. ಅಜ್ಜಿ ಕಡಲೆಕಾಯಿ ನಿಲ್ಲಿಸಿದ್ದರು, ತುಪ್ಪ ನಿಲ್ಲಿಸಿದ್ದರು, ಮಾವಿನಹಣ್ಣಿಗೂ ತಡೆ ಹಾಕಿದ್ದರು. 'ಮೈ ಉಷ್ಣ' ಅನ್ನುವುದು ಅವರ ತೀರ್ಮಾನ. ಹುಡುಗಿ ದಿನಕ್ಕೆ ಆರು ಸಲ ಸೋಪು ಹಾಕಿ ಮುಖ ಉಜ್ಜುತ್ತಿದ್ದಳು. ಆ ಕಪ್ಪು ಚುಕ್ಕೆ ಕೊಳೆ ಅಂತ ಅವಳಿಗೆ ಯಾರೋ ಹೇಳಿದ್ದರು. ಅದು ಕೊಳೆ ಅಲ್ಲ. ರಂಧ್ರದಲ್ಲಿ ಕಟ್ಟಿಕೊಂಡ ಜಿಡ್ಡು ಮತ್ತು ಸತ್ತ ಚರ್ಮ, ಬಾಯಿ ತೆರೆದುಕೊಂಡು ಗಾಳಿ ತಾಗಿ ಕಪ್ಪಾಗಿರುತ್ತದೆ. ಉಜ್ಜಿದರೆ ಚರ್ಮ ಕೆರಳುತ್ತದೆ, ಚುಕ್ಕೆ ಅಲ್ಲೇ ಇರುತ್ತದೆ.

ಹುಡುಗಿಯ ಮಟ್ಟಿಗೆ ವಿಷಯ ಸರಳವಾಗಿತ್ತು. ವಯಸ್ಸಿಗೆ ಬರುವಾಗ ಹಾರ್ಮೋನು ಏರುತ್ತದೆ, ಎಣ್ಣೆಗ್ರಂಥಿ ಹಿಗ್ಗುತ್ತದೆ, ರಂಧ್ರ ಕಟ್ಟುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಬಾವು ಬರುತ್ತದೆ. ರಾತ್ರಿಗೆ ಅಡಾಪಲೀನ್ 0.1% ಜೆಲ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಬೆಳಿಗ್ಗೆ ಬೆಂಜೋಯಿಲ್ ಪೆರಾಕ್ಸೈಡ್ 2.5%. ತಲೆಗೆ ಎಣ್ಣೆ ಶನಿವಾರ ರಾತ್ರಿ ಮಾತ್ರ, ಭಾನುವಾರ ಸ್ನಾನ. ದಿನಕ್ಕೆ ಎರಡೇ ಸಲ ಮುಖ ತೊಳೆ. ಕಡಲೆಕಾಯಿ ತಿನ್ನು, ತೊಂದರೆ ಇಲ್ಲ. 12 ವಾರ ಕಾಯಬೇಕು.

"ಮೊದಲ ಮೂರು ನಾಲ್ಕು ವಾರ ಸ್ವಲ್ಪ ಉರಿ, ಸಿಪ್ಪೆ ಏಳೋದು ಇರುತ್ತೆ ಪುಟ್ಟಾ, ಹೆದರಬೇಡ" ಅಂತ ಹೇಳಿದೆ. ಉರಿದರೆ ಏನು ಮಾಡಬೇಕು ಅಂತ ಹೇಳಲಿಲ್ಲ. ಹೊರಗೆ ಜನ ತುಂಬಿದ್ದರು.

ಇನ್ನೊಂದು ಪ್ರಶ್ನೆ ಕೇಳಿದ್ದೆ. "ಈಗ ಮುಖಕ್ಕೆ ಏನು ಹಚ್ತಿದ್ದೀಯಾ?" ಹುಡುಗಿ ತಾಯಿಯ ಮುಖ ನೋಡಿದಳು. "ಏನೂ ಇಲ್ಲ ಮೇಡಂ, ಸುಮ್ನೆ ಕಡಲೆಹಿಟ್ಟು" ಅಂದರು ತಾಯಿ. ನಾನು 'ಕಡಲೆಹಿಟ್ಟು' ಅಂತ ಬರೆದುಕೊಂಡೆ. ತಾಯಿ ಮಳೆಗೆ ಅಂತ ದುಪಟ್ಟಾವನ್ನು ತಲೆಯಿಂದ ಗಲ್ಲದವರೆಗೆ ಸುತ್ತಿಕೊಂಡಿದ್ದರು. ಒಳಗೆ ಬಂದ ಮೇಲೂ ತೆಗೆದಿರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ.

ಒಂಬತ್ತನೇ ವಾರ

ಐದನೇ ವಾರದಲ್ಲಿ ಉರಿ ಅಂತ ಬಂದಳು. ಅಡಾಪಲೀನ್ ಹಚ್ಚುವವರಿಗೆ ಇದು ಮಾಮೂಲು. ದಿನ ಬಿಟ್ಟು ದಿನ ಹಚ್ಚು ಅಂದೆ, ಒಂದು ಮಾಯಿಶ್ಚರೈಸರ್ ಸೇರಿಸಿದೆ.

ಒಂಬತ್ತನೇ ವಾರ ಬಂದಾಗ ಮುಖ ವಿಚಿತ್ರವಾಗಿತ್ತು. ಸಾಮಾನ್ಯ ಮೊಡವೆಯಲ್ಲಿ ಎಲ್ಲಾ ತರದ್ದೂ ಇರುತ್ತದೆ. ಒಂದು ಕಪ್ಪು ಚುಕ್ಕೆ, ಒಂದು ಬಿಳಿ ಚುಕ್ಕೆ, ಒಂದು ದಪ್ಪ ಗುಳ್ಳೆ, ಪಕ್ಕದಲ್ಲಿ ಹಳೇ ಕಲೆ. ಇವಳ ಕೆನ್ನೆಯಲ್ಲಿ ಈಗ ರಾಗಿ ಎರಚಿದ ಹಾಗೆ ಎಲ್ಲಾ ಒಂದೇ ಗಾತ್ರದ ಗುಳ್ಳೆಗಳು. ಚರ್ಮ ಮಿರಮಿರ ಹೊಳೆಯುತ್ತಿತ್ತು. ಕಿವಿಯ ಮುಂದೆ ನವಿರಾದ ಕೂದಲು ಬಂದಿತ್ತು.

ಇದನ್ನು ನೋಡಿದರೆ ನಮ್ಮ ಕಸುಬಿನವರಿಗೆ ಬರುವ ಸಂಶಯ ಒಂದೇ, ಸ್ಟಿರಾಯ್ಡ್.

"ಕಡಲೆಹಿಟ್ಟು ಬಿಟ್ಟು ಬೇರೆ ಏನಾದ್ರೂ?" ಇಬ್ಬರೂ ಸುಮ್ಮನಿದ್ದರು. ನಾನು ಪ್ರಶ್ನೆ ಬದಲಿಸಿದೆ. "ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೆ ನಿನ್ನ ಮುಖಕ್ಕೆ ಏನೇನು ತಾಗುತ್ತೆ, ಒಂದೊಂದೇ ಹೇಳು." ಹುಡುಗಿ ಹೇಳತೊಡಗಿದಳು. ನೀರು. ಸೋಪು. ನಿಮ್ಮ ಜೆಲ್. ಪೌಡರು. ರಾತ್ರಿ ನಿಮ್ಮ ಇನ್ನೊಂದು ಜೆಲ್. ಆಮೇಲೆ ಅಮ್ಮನ ಕ್ರೀಮು.

ತಾಯಿ ಬ್ಯಾಗಿನ ಜಿಪ್ಪು ತೆಗೆದು ಒಂದು ಟ್ಯೂಬನ್ನು ಮೇಜಿನ ಮೇಲಿಟ್ಟರು. ಬುಡದಿಂದ ನೀಟಾಗಿ ಸುರುಳಿ ಸುತ್ತಿತ್ತು. ಮುಚ್ಚಳ ಕಳೆದುಹೋಗಿ, ಬಾಯಿಗೆ ಪ್ಲಾಸ್ಟಿಕ್ ಚೂರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಅಕ್ಷರ ಅರ್ಧ ಅಳಿಸಿತ್ತು. ಉಳಿದದ್ದರಲ್ಲಿ ಕ್ಲೋಬೆಟಾಸೋಲ್ ಅನ್ನುವುದು ಓದಲು ಸಿಕ್ಕಿತು. ಹಚ್ಚುವ ಸ್ಟಿರಾಯ್ಡುಗಳಲ್ಲಿ ಅತಿ ಜೋರಿನ ಗುಂಪಿನದು ಅದು. ಜೊತೆಗೆ ಒಂದು ಆಂಟಿಬಯೋಟಿಕ್, ಒಂದು ಫಂಗಸ್ ಔಷಧಿ. ಯಾವ ಕಾಯಿಲೆ ಅಂತ ಗೊತ್ತಿಲ್ಲದಿದ್ದರೂ ಏನೋ ಒಂದು ತಾಗಲಿ ಅನ್ನುವ ಬೆರಕೆ.

"ನಿಮ್ಮ ಔಷಧಿ ಹಚ್ಚಿದ ರಾತ್ರಿ ಬಹಳ ಉರಿಯೋದು ಮೇಡಂ. ಇದನ್ನ ಒಂಚೂರು ಹಚ್ಚಿದ್ರೆ ತಣ್ಣಗಾಗ್ತಿತ್ತು" ಅಂದರು ತಾಯಿ.

ಅಲ್ಲಿಗೆ ಇಡೀ ಕಥೆ ತಿರುಗಿ ಬಿತ್ತು. ಮೊದಲು ಅವಳು ಆ ಟ್ಯೂಬನ್ನು ಹಬ್ಬ ಹರಿದಿನಕ್ಕೆ ಮಾತ್ರ ಹಚ್ಚುತ್ತಿದ್ದಳಂತೆ. ದಿನಾ ಹಚ್ಚುವ ಹಾಗೆ ಮಾಡಿದ್ದು ನನ್ನ ಚೀಟಿ. ನನ್ನ ಜೆಲ್ ಉರಿಸಿತು, ಅಮ್ಮನ ಟ್ಯೂಬು ತಣಿಸಿತು, ಆ ಟ್ಯೂಬು ಹೊಸ ಗುಳ್ಳೆ ಎಬ್ಬಿಸಿತು. ಆ ಗುಳ್ಳೆಗೆ ಮತ್ತೆ ನನ್ನ ಜೆಲ್.

ಹಾಗಾದರೆ ಸುಳ್ಳು ಹೇಳಿದರಾ? ಇಲ್ಲ ಅಂತ ಈಗ ಅನಿಸುತ್ತದೆ. ಅವರ ಮನೆಯಲ್ಲಿ ಅದು ಔಷಧಿ ಅಲ್ಲ, 'ಮುಖದ ಕ್ರೀಮು'. ನಾನು ಔಷಧಿ ಕೇಳುವ ದನಿಯಲ್ಲಿ ಕೇಳಿದ್ದೆ, ಅವರು ಆ ದನಿಗೆ ಉತ್ತರ ಕೊಟ್ಟಿದ್ದರು.

ದುಪಟ್ಟಾ

"ಇದು ಯಾರ ಟ್ಯೂಬು?" ಅಂದಾಗ ತಾಯಿ ದುಪಟ್ಟಾ ಸಡಿಲಿಸಿದರು.

ಎರಡೂ ಕೆನ್ನೆಯಲ್ಲಿ ಕೆಂಪು ದಾರದ ಹಾಗೆ ನರಗಳು ಕಾಣುತ್ತಿದ್ದವು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ದವಡೆಯ ಅಂಚಿನಲ್ಲಿ, ಗಲ್ಲದ ಕೆಳಗೆ ಮುಟ್ಟಿದರೆ ನೋಯುವ ಗಟ್ಟಿ ಗುಳ್ಳೆಗಳು.

35 ದಾಟಿದ ಮೇಲೆ ಅವರಿಗೆ ಗಲ್ಲದ ಸುತ್ತ ಮೊಡವೆ ಶುರುವಾಗಿತ್ತು. ಮುಟ್ಟಿಗೆ ಒಂದು ವಾರ ಮುಂಚೆ ಜಾಸ್ತಿ, ಆಮೇಲೆ ಕಡಿಮೆ. 'ಈ ವಯಸ್ಸಿಗೆ ಮೊಡವೆನಾ' ಅಂತ ನಾಚಿಕೆ. ಯಾರಿಗೂ ತೋರಿಸಲಿಲ್ಲ. ಮದುವೆ ಮನೆಯೊಂದರಲ್ಲಿ ನೆಂಟರೊಬ್ಬರು ಈ ಕ್ರೀಮಿನ ಹೆಸರು ಹೇಳಿದರು. ಮೆಡಿಕಲ್‌ನಲ್ಲಿ ಚೀಟಿ ಕೇಳಲಿಲ್ಲ. ಹತ್ತು ದಿನಕ್ಕೆ ಕೆಂಪು ಹೋಯಿತು, ಮುಖ ಬೆಳ್ಳಗಾಯಿತು, ಊರವರು ಹೊಗಳಿದರು. ಸ್ಟಿರಾಯ್ಡ್ ರಕ್ತನಾಳಗಳನ್ನು ಹಿಂಡಿ ಹಿಡಿಯುತ್ತದೆ, ಬಾವು ಇಳಿಸುತ್ತದೆ. ಮೊದಲು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿಯೇ ಇದನ್ನು ಬಿಡಿಸುವುದು ಕಷ್ಟ. ಮೂರು ವರ್ಷ ದಿನಾ ಹಚ್ಚಿದ್ದರು. ಎರಡು ದಿನ ಬಿಟ್ಟರೆ ಮುಖ ಬೆಂಕಿ, ಮತ್ತೆ ಹಚ್ಚಿದರೆ ಶಾಂತಿ.

2018ರಲ್ಲೇ ಕೇಂದ್ರ ಸರ್ಕಾರ ಹಚ್ಚುವ ಸ್ಟಿರಾಯ್ಡುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿದೆ. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆ ನಿಯಮಕ್ಕೂ ನಮ್ಮ ಕೌಂಟರುಗಳಿಗೂ ಎಷ್ಟು ದೂರ ಅನ್ನುವುದನ್ನು ನಾನು ವಾರಕ್ಕೊಂದು ಮುಖದಲ್ಲಿ ನೋಡುತ್ತೇನೆ.

ಈಗ ನನ್ನೆದುರು ಎರಡು ಮುಖ, ಎರಡು ವಯಸ್ಸು, ಒಂದೇ ಟ್ಯೂಬು. ಮಗಳದ್ದು ಎರಡು ತಿಂಗಳ ಬಳಕೆ. ಅವಳಿಗೆ ಅದನ್ನು ಅವತ್ತೇ ನಿಲ್ಲಿಸಿದೆ. ನನ್ನ ಎರಡು ಜೆಲ್‌ಗಳನ್ನೂ ಮೂರು ವಾರ ನಿಲ್ಲಿಸಿದೆ. ಕೆರಳಿದ ಚರ್ಮಕ್ಕೆ ಮೆದು ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಸಾಕು. ಐಸೊಟ್ರೆಟಿನಾಯಿನ್ ಮಾತ್ರೆ ಬರೆಯಬಹುದಿತ್ತಲ್ಲ ಅಂತ ಸಹೋದ್ಯೋಗಿಯೊಬ್ಬರು ಆಮೇಲೆ ಕೇಳಿದರು. ಅದು ಒಳ್ಳೆಯ ಔಷಧಿ, ಆದರೆ ಗರ್ಭದಲ್ಲಿರುವ ಮಗುವಿಗೆ ದೊಡ್ಡ ಅಪಾಯ. ರಕ್ತಪರೀಕ್ಷೆ, ಎಚ್ಚರಿಕೆ ಎಲ್ಲಾ ಬೇಕು. ಗಂಟುಮೊಡವೆಗೆ, ಗುಳಿ ಬೀಳುವಷ್ಟು ಜೋರಿಗೆ ಅದು. ಇವಳ ನಿಜವಾದ ಮೊಡವೆ ಎಷ್ಟು ಅನ್ನುವುದೇ ಆ ಟ್ಯೂಬಿನ ಕೆಳಗೆ ಮುಚ್ಚಿಹೋಗಿತ್ತು. ಮೊದಲು ಅದು ಕಾಣಲಿ ಅಂತ ಕಾದೆ.

ತಾಯಿಯದ್ದು ಮೂರು ವರ್ಷದ್ದು. ಒಂದೇ ಸಲ ನಿಲ್ಲಿಸಿದರೆ ಮುಖ ಉಬ್ಬಿ ಉರಿಯುತ್ತದೆ ಅಂತ ಗೊತ್ತಿತ್ತು. ಒಂದು ವಾರ ಮೆದು ಸ್ಟಿರಾಯ್ಡ್ ಆದ ಹೈಡ್ರೋಕಾರ್ಟಿಸೋನ್ 1% ದಿನಾ, ಮುಂದಿನ ವಾರ ದಿನ ಬಿಟ್ಟು ದಿನ, ಆಮೇಲೆ ಇಲ್ಲ. ಜೊತೆಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಆಯಿಂಟ್‌ಮೆಂಟ್, ಮತ್ತು ಬಾವಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ. ಬಸುರಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವ ಹಾಗಿಲ್ಲ. ಕೇಳಿದೆ. "ಎರಡನೇದಕ್ಕೇ ಆಪರೇಷನ್ ಆಗಿದೆ ಮೇಡಂ" ಅಂದರು. ಊಟ ಆದ ಮೇಲೆ, ಒಂದು ಲೋಟ ತುಂಬಾ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ, ಬಿಸಿಲಿಗೆ ಹುಷಾರು ಅಂದೆ. ಟ್ಯೂಬು ಇಲ್ಲೇ ಬಿಟ್ಟುಹೋಗಿ ಅಂತಲೂ ಅಂದೆ. ಬಿಟ್ಟುಹೋದರು.

ವರಮಹಾಲಕ್ಷ್ಮಿ

ಒಂದು ಪ್ರಶ್ನೆ ನಾನು ಅವತ್ತೂ ಕೇಳಲಿಲ್ಲ. ಅದು ಆಗಸ್ಟ್ ಮೊದಲ ವಾರ. ಗೋಡೆಯ ಕ್ಯಾಲೆಂಡರ್ ನನ್ನ ತಲೆಯ ಹಿಂದೆಯೇ ಇತ್ತು.

ಎಂಟನೇ ದಿನಕ್ಕೆ ತಾಯಿಯ ಫೋನ್ ಬಂತು. ಮುಖ ಊದಿದೆ, ಕಣ್ಣಿನ ಸುತ್ತ ಬಿಗಿ, ಒಲೆ ಮುಂದೆ ನಿಲ್ಲೋಕಾಗಲ್ಲ. ಇದು ನಿರೀಕ್ಷಿಸಿದ್ದೇ, ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ ಹತ್ತು ನಿಮಿಷ ಇಟ್ಟುಕೊಳ್ಳಿ, ಎರಡು ವಾರ ದಾಟಿದರೆ ಇಳಿಯುತ್ತೆ ಅಂದೆ. ಧೈರ್ಯ ಹೇಳಿ ಫೋನ್ ಇಟ್ಟೆ.

ಆ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಅವರ ಮನೆಯಲ್ಲಿ ಕಳಸ ಕೂರಿಸುತ್ತಾರೆ. ಸಂಜೆ ಅರಿಶಿಣ ಕುಂಕುಮಕ್ಕೆ ಊರಿನ ಹೆಂಗಸರೆಲ್ಲಾ ಬರುತ್ತಾರೆ. ಸೋಮವಾರ ತಾಯಿ ಬಂದು ಕೂತರು. "ಬೈಬೇಡಿ ಮೇಡಂ. ಗುರುವಾರ ರಾತ್ರಿ ಹಚ್ಚಿಬಿಟ್ಟೆ. ಹೊಸದು ತಗೊಂಡೆ." ನಾನು ಬೈಯಲಿಲ್ಲ. ಬೈದಿದ್ದರೆ ಮುಂದಿನ ಸಲ ಹೇಳುತ್ತಿರಲಿಲ್ಲ, ಅಷ್ಟೇ. ಆ ಮುಖ ಇಟ್ಟುಕೊಂಡು ಇಪ್ಪತ್ತು ಜನಕ್ಕೆ ತಾಂಬೂಲ ಕೊಡಿ ಅಂತ ನಾನು ಹೇಗೆ ಹೇಳಲಿ? ಹಬ್ಬ ಯಾವಾಗ ಅಂತ ಕೇಳಿದ್ದರೆ ಬಿಡಿಸುವ ಕೆಲಸವನ್ನು ಹತ್ತು ದಿನ ಮುಂದಕ್ಕೆ ಹಾಕುತ್ತಿದ್ದೆ. ಮೂರು ವರ್ಷ ಹಚ್ಚಿದ್ದಕ್ಕೆ ಇನ್ನು ಹತ್ತು ದಿನದಲ್ಲಿ ಆಗುವ ನಷ್ಟ ಏನಿರಲಿಲ್ಲ.

ಲೆಕ್ಕ ಸೊನ್ನೆಯಿಂದ ಶುರು ಮಾಡಿದೆವು. ಈ ಸಲ ಮುಂದಿನ ಎರಡು ತಿಂಗಳ ಕಾರ್ಯಗಳನ್ನು ಮೊದಲು ಬರೆದುಕೊಂಡೆ. ಗೌರಿ ಹಬ್ಬ, ಒಂದು ಗೃಹಪ್ರವೇಶ, ನಾದಿನಿಯ ಹೆರಿಗೆ. ಉರಿ ಜೋರಾಗುವ ದಿನಗಳು ಯಾವು ಬರಬಹುದು ಅಂತ ಅವರೆದುರೇ ಗುರುತು ಹಾಕಿದೆ. ಎರಡನೇ ಸಲ ಅವರು ದಾಟಿದರು. ಸುಲಭವಾಗಿರಲಿಲ್ಲ. ಗೌರಿ ಹಬ್ಬಕ್ಕೆ ದುಪಟ್ಟಾ ಮತ್ತೆ ಬಂತಂತೆ.

ಕೂಸು

ಅಕ್ಟೋಬರಿನಲ್ಲಿ ಒಂದು ಸಂಜೆ ಹುಡುಗಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಕಳಿಸಿದಳು. ಮೂರು ವಾರದ ಕೂಸು, ಕೆನ್ನೆ ತುಂಬಾ ಸಣ್ಣ ಸಣ್ಣ ಗುಳ್ಳೆ. ಸೋದರತ್ತೆ ಬಾಣಂತನಕ್ಕೆ ತವರಿಗೆ ಬಂದಿದ್ದರು. 'ಮೇಡಂ, ಅಜ್ಜಿ ಕ್ರೀಮ್ ಹಚ್ಚೋಕೆ ಹೊರಟಿದ್ದಾರೆ. ನಾನು ಟ್ಯೂಬ್ ಬಚ್ಚಿಟ್ಟಿದ್ದೀನಿ.'

ಯಾವ ಕ್ರೀಮು? ಟ್ಯೂಬು ನನ್ನ ಡ್ರಾಯರಿನಲ್ಲಿದೆ, ಹಬ್ಬಕ್ಕೆ ಕೊಂಡದ್ದನ್ನೂ ತಾಯಿ ತಂದುಕೊಟ್ಟಿದ್ದರು. ವಿಚಾರಿಸಿದರೆ ಮೂರನೆಯದೊಂದಿತ್ತು, ಅಜ್ಜಿಯದ್ದು. ಹಿಮ್ಮಡಿಯ ಕಡಿತಕ್ಕೆ ಅಂತ ಫ್ರಿಜ್ಜಿನ ಮೇಲೆ ಇಟ್ಟುಕೊಂಡದ್ದು. ಅಷ್ಟು ತಿಂಗಳು ನನಗೆ ಅದರ ಸುಳಿವೇ ಇರಲಿಲ್ಲ.

ಅಜ್ಜಿ ಫೋನಿಗೆ ಬಂದರು. "ಒಂದ್ ಕಡ್ಲೆಕಾಳಷ್ಟು ಹಚ್ಚಿದ್ರೆ ಏನಾಯ್ತದೆ ಡಾಕ್ಟ್ರಮ್ಮಾ, ಎಳೇ ಕೂಸು, ಉಷ್ಣ ಆಗದೆ." ಬೇಡ ಅಜ್ಜಿ, ಏನೂ ಹಚ್ಚಬೇಡಿ, ನಾಳೆ ಕರ್ಕೊಂಡು ಬನ್ನಿ ಅಂದೆ. ಮೂರು ವಾರದ ಮಗುವನ್ನು ಫೋಟೋ ನೋಡಿ ತೀರ್ಮಾನ ಮಾಡುವುದು ಸರಿಯಲ್ಲ. ಜ್ವರ ಇದ್ದರೆ, ಹಾಲು ಬಿಟ್ಟಿದ್ದರೆ, ನೀರುಗುಳ್ಳೆ ಎದ್ದಿದ್ದರೆ ಅದು ಬೇರೆಯೇ ವಿಷಯ, ಆಗ ಬೆಳಗಾಗುವವರೆಗೆ ಕಾಯಬಾರದು. ಇದನ್ನೂ ಕೇಳಿಕೊಂಡೆ. ಮೂರೂ ಇರಲಿಲ್ಲ.

ಮಾರನೇ ದಿನ ನೋಡಿದೆ. ಕೂಸು ಆರಾಮಾಗಿತ್ತು. ಹುಟ್ಟಿದ ಮೊದಲ ವಾರಗಳಲ್ಲಿ ಮುಖಕ್ಕೆ ಹೀಗೆ ಬರುವುದು ಅಪರೂಪವೇನಲ್ಲ, ತಾನಾಗೇ ಹೋಗುತ್ತದೆ. ಮೂರು ತಿಂಗಳಾದ ಮೇಲೆ ಶುರುವಾಗಿ ಕಪ್ಪು ಚುಕ್ಕೆ, ದಪ್ಪ ಗುಳ್ಳೆ ಬಂದರೆ ಔಷಧಿ ಬೇಕಾಗಬಹುದು. ಒಂದರಿಂದ ಏಳು ವರ್ಷದ ನಡುವೆ ಮೊಡವೆ ಬಂದರೆ ಹಾರ್ಮೋನು ಪರೀಕ್ಷೆ ಮಾಡಿಸಲೇಬೇಕು, ಆ ವಯಸ್ಸಿಗೆ ಅದು ಬರುವಂಥದ್ದಲ್ಲ. ಎಂಟು ಒಂಬತ್ತಕ್ಕೆ ಮೂಗಿನ ಮೇಲೆ ಚುಕ್ಕೆ ಕಂಡರೆ ಹೆಚ್ಚಿನ ಸಲ ಮಗು ದೊಡ್ಡದಾಗುತ್ತಿದೆ ಅಂತಷ್ಟೇ.

ಸ್ಟಿರಾಯ್ಡ್ ಹಚ್ಚಿದ್ದರೆ? ಕೂಸಿನ ಚರ್ಮ ತೆಳು. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಜಾಸ್ತಿ. ಹಾಗಾಗಿ ಹಚ್ಚಿದ್ದು ಮೈಯೊಳಗೆ ಸೇರುವುದೂ ಜಾಸ್ತಿ.

ಎಣ್ಣೆ ನೀರು ನಿಲ್ಲಿಸಿ ಅನ್ನಲಿಲ್ಲ. ಬಾಣಂತನದ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಮುಖ ಒಂದು ಬಿಟ್ಟು ಮೈಗೆ ಹಚ್ಚಿ ಅಂದೆ. "ಇಷ್ಟು ದೂರ ಬಂದು ಏನೂ ಬರ್ಕೊಡಲ್ವಾ?" ಅಂದರು ಅಜ್ಜಿ. ಬರೆದೆ. ಚೀಟಿಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: 'ಮುಖಕ್ಕೆ ಎಣ್ಣೆ ಬೇಡ, ಬಿಸಿ ಆರಿದ ನೀರು ಸಾಕು. ಒಂದು ತಿಂಗಳು.' ಅಜ್ಜಿ ಅದನ್ನು ಮಡಚಿ ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡರು. ಬರಿಗೈಲಿ ಕಳಿಸಿದ್ದರೆ ದಾರಿಯಲ್ಲೇ ಮೆಡಿಕಲ್‌ಗೆ ಹೋಗುತ್ತಿದ್ದರು ಅಂತ ನನ್ನ ಅಂದಾಜು. ಆರು ವಾರದಲ್ಲಿ ಕೂಸಿನ ಮುಖ ತಿಳಿಯಾಯಿತು.

ಅಜ್ಜಿಯ ಹಿಮ್ಮಡಿಯನ್ನೂ ಅವತ್ತೇ ನೋಡಿದೆ. ಕಜ್ಜಿ ಅಲ್ಲ, ಒಣ ಎಕ್ಸಿಮಾ. ಅಲ್ಲಿಗೆ ಸ್ಟಿರಾಯ್ಡ್ ಸರಿಯಾದ ಔಷಧಿಯೇ, ಹಿಮ್ಮಡಿಯ ಚರ್ಮ ಅಷ್ಟು ದಪ್ಪ. ಬೆರಕೆ ಟ್ಯೂಬು ತೆಗೆದುಕೊಂಡು, ಬರೀ ಸ್ಟಿರಾಯ್ಡ್ ಇರುವ ಟ್ಯೂಬೊಂದನ್ನು ಎರಡು ವಾರಕ್ಕೆ ಬರೆದೆ.

ಎಲ್ಲಿಗೆ ಬಂತು

ಹುಡುಗಿಗೆ ಆಗಸ್ಟ್ ಕೊನೆಯಲ್ಲಿ ಅಡಾಪಲೀನ್ ಮತ್ತೆ ಶುರು ಮಾಡಿದೆ, ವಾರಕ್ಕೆ ಮೂರು ರಾತ್ರಿ. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್. ಉರಿದರೆ ಒಂದು ರಾತ್ರಿ ಬಿಡು, ಬೇರೆ ಏನೂ ಹಚ್ಚಬೇಡ, ನನಗೆ ಮೆಸೇಜ್ ಮಾಡು. ಈ ಸಲ ಇದನ್ನೂ ಚೀಟಿಯಲ್ಲೇ ಬರೆದೆ. ಡಿಸೆಂಬರ್ ಹೊತ್ತಿಗೆ ಹೊಸ ಗುಳ್ಳೆ ತಿಂಗಳಿಗೆ ಎರಡೋ ಮೂರೋ. ಕಂದು ಕಲೆಗಳು ಇನ್ನೂ ಇವೆ, ಅವು ತಿಂಗಳುಗಟ್ಟಲೆ ಹಿಡಿಯುತ್ತವೆ. ಕಪಾಳದ ಹತ್ತಿರ ಎರಡು ಸಣ್ಣ ಗುಳಿ ಉಳಿದಿವೆ. ಅವು ಹಚ್ಚುವ ಔಷಧಿಗೆ ಹೋಗುವುದಿಲ್ಲ. ಬೆಂಜೋಯಿಲ್ ಪೆರಾಕ್ಸೈಡ್ ತಾಗಿ ಮನೆಯ ನೀಲಿ ಟವಲ್ಲೊಂದು ಚುಕ್ಕೆ ಚುಕ್ಕೆ ಬಿಳಿಯಾಗಿದೆ. ಅದನ್ನು ಮೊದಲೇ ಹೇಳದಿದ್ದಕ್ಕೆ ಅಜ್ಜಿ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ತಾಯಿಯ ಮುಖ ಶಾಂತವಾಗಲು ನಾಲ್ಕು ತಿಂಗಳು ಹಿಡಿಯಿತು. ಅದಾದ ಮೇಲೆ ಅವರ ಹಳೇ ಮೊಡವೆ ಕೈಗೆ ಸಿಕ್ಕಿತು. ಮುಟ್ಟು ಸರಿಯಾಗಿತ್ತು, ಗಡ್ಡದ ಕೂದಲು ಇರಲಿಲ್ಲ, ಹಾಗಾಗಿ ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನು ತೊಂದರೆ, ಹುಡುಕುತ್ತಾ ಸ್ಕ್ಯಾನಿಂಗಿಗೆ ಓಡಿಸಲಿಲ್ಲ. ಈ ವಯಸ್ಸಿನ ಹೆಂಗಸರಲ್ಲಿ ಹಾರ್ಮೋನು ಪರೀಕ್ಷೆ ಸರಿಯಿದ್ದೂ ದವಡೆ ಮೊಡವೆ ಬರುವುದೇ ಹೆಚ್ಚು. ಅಜೆಲಾಯಿಕ್ ಆಸಿಡ್ 15% ಜೆಲ್, ಜೊತೆಗೆ ಹಾರ್ಮೋನಿನ ಪ್ರಭಾವ ತಗ್ಗಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ 50 ಮಿಲಿಗ್ರಾಂ. ಬಿಪಿ, ಪೊಟ್ಯಾಸಿಯಂ ನೋಡಿಯೇ ಕೊಟ್ಟದ್ದು. ಬಸುರಾಗುವ ಸಂಭವ ಇದ್ದಿದ್ದರೆ ಈ ಮಾತ್ರೆ ಕೊಡುತ್ತಿರಲಿಲ್ಲ. ಇದು ಪೊಟ್ಯಾಸಿಯಂ ಏರಿಸಬಹುದು, ಆದ್ದರಿಂದ ದಿನಾ ಎಳನೀರು ಕುಡಿಯುವ ಅಭ್ಯಾಸ ಬಿಡಿ ಅಂದೆ. ತೋಟದಲ್ಲೇ ತೆಂಗಿರುವವರಿಗೆ ಹೇಳಲು ಕಷ್ಟದ ಮಾತು. ಕೆನ್ನೆಯ ಕೆಂಪು ನರಗಳು ಹಾಗೇ ಇವೆ. ಲೇಸರ್ ವಿಷಯ ಹೇಳಿದ್ದೇನೆ. "ಇರ್ಲಿ ಬಿಡಿ ಮೇಡಂ, ಉರಿ ಹೋಯ್ತಲ್ಲ" ಅಂದಿದ್ದಾರೆ.

ನನ್ನ ಕಡೆ ಬದಲಾದದ್ದು ಸ್ವಲ್ಪ. ಈಗ 'ಏನು ಔಷಧಿ' ಅಂತ ಕೇಳುವುದಿಲ್ಲ, 'ಮುಖಕ್ಕೆ ಏನೇನು ತಾಗುತ್ತೆ' ಅಂತ ಕೇಳುತ್ತೇನೆ. ಮನೇಲಿ ಇದನ್ನ ಇನ್ಯಾರು ಹಚ್ತಾರೆ ಅಂತಲೂ ಕೇಳುತ್ತೇನೆ. ಜೊತೆಗೆ ಬಂದವರ ಮುಖ ನೋಡುತ್ತೇನೆ. ಹಬ್ಬ ಯಾವಾಗ ಅಂತ ಕೇಳದೆ ಸ್ಟಿರಾಯ್ಡ್ ಬಿಡಿಸುವುದಿಲ್ಲ. ಮತ್ತೆ, ಮುಂದಿನ ಸಲ ಬರುವಾಗ ಮನೆಯಲ್ಲಿರುವ ಟ್ಯೂಬು, ಡಬ್ಬಿ ಎಲ್ಲಾ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ ಅನ್ನುತ್ತೇನೆ.

ಸಂಕ್ರಾಂತಿ ರಜೆಗೆ ಬಂದ ಮೊಮ್ಮಗ ಬೆನ್ನಿನ ಮೊಡವೆಗೆ ಅಂತ ಬಂದ. ಜಿಮ್ಮಿಗೆ ಹೋಗುತ್ತಾನೆ. ಕೈಯಲ್ಲಿ ದೊಡ್ಡ ಬಟ್ಟೆ ಅಂಗಡಿ ಕವರು. ಕೇಳುವ ಮೊದಲೇ ಮೇಜಿನ ಮೇಲೆ ಸುರಿದ. ಹೇರ್ ವ್ಯಾಕ್ಸ್, ಬಾಡಿ ಸ್ಪ್ರೇ, ಎರಡು ಫೇಸ್‌ವಾಶ್, ಅರ್ಧ ಖಾಲಿಯಾದ ವೇ ಪ್ರೋಟೀನ್ ಡಬ್ಬಿ. ಆ ಡಬ್ಬಿಯನ್ನು ನಾನು ಪಕ್ಕಕ್ಕಿಟ್ಟೆ, ಮೊಡವೆಯ ಮಟ್ಟಿಗೆ ಮೊದಲು ಮಾತಾಡಬೇಕಾದದ್ದು ಅದರ ಬಗ್ಗೆಯೇ. ಕೊನೆಗೆ ಕವರಿನ ಮೂಲೆಯಿಂದ ಒಂದು ಟ್ಯೂಬು ಉರುಳಿತು.

"ಇದು ನಂದಲ್ಲ ಮೇಡಂ. ಎಲ್ಲಾ ತಗೊಂಡು ಹೋಗ್ಬೇಕಂತೆ, ತಂಗಿ ಹಾಕಿದ್ಲು."

ತಿರುಗಿಸಿ ನೋಡಿದೆ. ಕಪ್ಪು ಮಾರ್ಕರ್ ಪೆನ್ನಿನಲ್ಲಿ, ಪಿಯುಸಿ ಹುಡುಗಿಯ ದುಂಡು ಅಕ್ಷರದಲ್ಲಿ ಬರೆದಿತ್ತು: 'ಅಜ್ಜಿ ಕಾಲಿಗೆ ಮಾತ್ರ.'